ಕಟ್ಟುವವರು ಯಾರು, ಬಿಚ್ಚುವವರು ಯಾರು?

ಮೈಮೇಲೆ ಏನು ಹಾಕಿಕೊಂಡರೂ ಅಷ್ಟಿಷ್ಟು ನಮಗೆ ಕಾಣುತ್ತದೆ. ಬಳೆ ಕಾಣುತ್ತದೆ, ಉಂಗುರ ಕಾಣುತ್ತದೆ, ಸೀರೆಯ ಸೆರಗು ಕಾಣುತ್ತದೆ. ತಲೆಯ ಮೇಲಿರುವುದು ಮಾತ್ರ ಹೊತ್ತವರಿಗೆ ಕಾಣುವುದಿಲ್ಲ. ಊರಿಗೆಲ್ಲ ಕಾಣುತ್ತದೆ, ಅವರೊಬ್ಬರನ್ನು ಬಿಟ್ಟು. ಇವತ್ತಿನ ಮಾತಿಗೆ ಕರಪತ್ರದಲ್ಲಿ ‘ಶಿರೋಭೂಷಣ’ ಅಂತ ದೊಡ್ಡ ಹೆಸರು ಹಾಕಿದ್ದಾರೆ. ಇರಲಿ. ನೋಡುವವರಿಗೆ ಅದು ಬಣ್ಣ, ಜರಿ, ನವಿಲುಗರಿ. ಹೊತ್ತವರಿಗೆ ಅದು ಏನು? ನಾನು ಮಾತಾಡಬೇಕು ಅಂದುಕೊಂಡಿರುವುದು ಇಷ್ಟೇ.

ಹಳೇ ಮೈಸೂರು ಕಡೆಯವರು ಇಲ್ಲಿ ತುಂಬಾ ಜನ ಇದ್ದೀರಿ. ಅಮ್ಮನದೋ ಅಜ್ಜಿಯದೋ ಮೊಗ್ಗಿನ ಜಡೆಯ ಫೋಟೋ ನಿಮ್ಮ ಮನೆಯಲ್ಲಿ ಇರಬೇಕು, ಅಲ್ವಾ? ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಧಾರಾಳ ಬಂದಾಗ ಹುಡುಗಿಯನ್ನು ಕೂರಿಸಿಕೊಂಡು ಜಡೆಯುದ್ದಕ್ಕೂ ಮೊಗ್ಗು ಜೋಡಿಸಿ ಹೊಲಿಯುತ್ತಿದ್ದರು. ಅವಳು ಅಲ್ಲಾಡುವ ಹಾಗಿಲ್ಲ. ಆಮೇಲೆ ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಹಿಂದೆ ಒಂದು ಕನ್ನಡಿ ಇಟ್ಟು ಫೋಟೋ ತೆಗೆಸುತ್ತಿದ್ದರು. ಮುಖವೂ ಬರಬೇಕು, ಕನ್ನಡಿಯಲ್ಲಿ ಜಡೆಯೂ ಬರಬೇಕು. ಆ ಹುಡುಗಿ ತನ್ನ ಜಡೆಯನ್ನು ಸರಿಯಾಗಿ ನೋಡುತ್ತಿದ್ದದ್ದು ಫೋಟೋ ಕೈಗೆ ಬಂದ ಮೇಲೆಯೇ. ಅಷ್ಟರಲ್ಲಿ ಹೂವು ಬಾಡಿ ತಿಪ್ಪೆ ಸೇರಿರುತ್ತಿತ್ತು. ಅವಳ ಪಾಲಿಗೆ ಅವತ್ತು ಉಳಿದದ್ದು ಎಳೆದು ಬಿಗಿದ ಕೂದಲು, ಬೆನ್ನ ಮೇಲಿನ ತಣ್ಣನೆಯ ಭಾರ, ‘ನೆಟ್ಟಗೆ ಕೂತ್ಕೊಳ್ಳೇ’ ಅನ್ನುವ ಅಜ್ಜಿಯ ಗದರಿಕೆ.

ಹಾಗಾಗಿ ಯಾವ ತಲೆಯುಡುಗೆ ಕಂಡರೂ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಕಟ್ಟಿದ್ದು ಯಾರು? ಬಿಚ್ಚುವುದು ಯಾರು, ಯಾವಾಗ? ಈ ನಡುವೆ ಹೊತ್ತವರು ಏನೇನು ಮಾಡುವ ಹಾಗಿಲ್ಲ? ಚಿನ್ನವೋ ಬೇಗಡೆಯೋ, ಎಷ್ಟು ಹಳೆಯದು, ಯಾವ ರಾಜರ ಕಾಲದ್ದು ಅನ್ನುವುದೆಲ್ಲ ಆಮೇಲಿನ ಮಾತು.

ನನಗೆ ಚೆನ್ನಾಗಿ ಗೊತ್ತಿರುವ ಜಾಗದಿಂದಲೇ ಹೊರಡುತ್ತೇನೆ. ನಾನು ಕುಂದಾಪುರದ ಕಡೆಯವನು, ಹವ್ಯಾಸಕ್ಕೆ ಯಕ್ಷಗಾನದ ವೇಷ ಹಾಕುವವನು. ಮೇಳದಲ್ಲಿ ತಿರುಗಾಟ ಮಾಡಿದವನಲ್ಲ. ಆದರೂ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಆ ಬಿಡಾರದಲ್ಲಿ, ಸುಮಾರು ಹೊತ್ತು ಕಳೆದಿದ್ದೇನೆ. ಯಕ್ಷಗಾನವನ್ನು ನೀವು ಎದುರಿನಿಂದ ನೋಡಿರುತ್ತೀರಿ. ಚೌಕಿ ನೋಡಿದವರು ಇಲ್ಲಿ ಎಷ್ಟು ಜನ? ಕೈ ಎತ್ತಿ ನೋಡೋಣ. ಕಡಿಮೆಯೇ. ಮುಂದಿನ ಸಲ ಆಟಕ್ಕೆ ಹೋದರೆ ರಂಗಸ್ಥಳದ ಎದುರು ಕುರ್ಚಿ ಹಿಡಿಯುವ ಮೊದಲು ಚೌಕಿ ಕಡೆ ಒಂದು ಸುತ್ತು ಹೋಗಿ ಬನ್ನಿ. ಬಾಗಿಲಲ್ಲಿ ನಿಂತು ನೋಡಿದರೆ ಯಾರೂ ಬೈಯುವುದಿಲ್ಲ.

ಚೌಕಿಯಲ್ಲಿ ಮುಖದ ಬಣ್ಣ ಕಲಾವಿದರು ತಾವೇ ಬರೆದುಕೊಳ್ಳುತ್ತಾರೆ. ಕೈಯಲ್ಲೊಂದು ಕನ್ನಡಿ, ಎದುರಿಗೆ ಬಣ್ಣ, ಮೌನ. ಆದರೆ ತಲೆಗೆ ಬಂದಾಗ ಇನ್ನೊಬ್ಬರ ಕೈ ಬೇಕು. ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ದೊಡ್ಡ ಮುಂಡಾಸನ್ನು ಹಿಂದೆ ಪ್ರತಿ ರಾತ್ರಿ ತಲೆಯ ಮೇಲೆಯೇ ಹೊಸದಾಗಿ ಕಟ್ಟುತ್ತಿದ್ದರು. ಮೊದಲು ಕೂದಲು ಮುಚ್ಚುವ ಹಾಗೆ ಒಂದು ಬಟ್ಟೆ ಬಿಗಿಯುವುದು. ಆಮೇಲೆ ಒಳಗೆ ಹುಲ್ಲು ಇಟ್ಟು ಬಟ್ಟೆ ಸುತ್ತಿದ ಸುರುಳಿಗಳನ್ನು ಒಂದರ ಮೇಲೊಂದು ಏರಿಸಿ ಸುತ್ತುವುದು. ಅದು ತಾವರೆ ಎಸಳಿನ ಆಕಾರಕ್ಕೆ ಬರಬೇಕು, ಎರಡೂ ಬದಿ ಸಮ ಇರಬೇಕು. ಅದರ ಮೇಲೆ ಕಪ್ಪೋ ಕೆಂಪೋ ಬಟ್ಟೆ, ಬಟ್ಟೆಯ ಮೇಲೆ ಓರೆಯಾಗಿ ಜರಿಪಟ್ಟಿ. ಒಬ್ಬರು ತುದಿ ಎಳೆದು ಹಿಡಿಯಬೇಕು, ಇನ್ನೊಬ್ಬರು ಸುತ್ತಬೇಕು. ಹೊತ್ತವನಿಗೆ ಇರುವುದು ಒಂದೇ ಕೆಲಸ. ಬಿಗಿ ಸಾಕೋ ಬೇಕೋ ಹೇಳುವುದು. ಸಡಿಲ ಕಟ್ಟಿದರೆ ಕುಣಿಯುವಾಗ ಜಾರುತ್ತದೆ, ಬಿಗಿ ಕಟ್ಟಿದರೆ ತಲೆ ಸಿಡಿಯುತ್ತದೆ. ಜಾರಿದರೆ ಊರಿಗೆಲ್ಲ ಕಾಣುತ್ತದೆ, ಸಿಡಿಯುವುದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಎಲ್ಲರೂ ಬಿಗಿಯಾಗಿಯೇ ಕಟ್ಟಿಸಿಕೊಳ್ಳುತ್ತಾರೆ.

ಈಗ ಬಹಳ ಕಡೆ ಸಿದ್ಧ ಮುಂಡಾಸು ಬಂದಿದೆ. ಮೊದಲೇ ಕಟ್ಟಿಟ್ಟದ್ದು, ಎತ್ತಿ ತಲೆಗಿಟ್ಟು ದಾರ ಬಿಗಿದರೆ ಆಯಿತು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಎಷ್ಟೋ ಕಡೆ ಮೂರ್ನಾಲ್ಕು ಗಂಟೆಯ ಕಾಲಮಿತಿಗೆ ಇಳಿದ ಮೇಲೆ ಗಂಟೆಗಟ್ಟಲೆ ಕಟ್ಟುತ್ತಾ ಕೂರಲು ಯಾರಿಗೆ ಪುರುಸೊತ್ತು? ಹಳಬರು ಮುಖ ಸಿಂಡರಿಸುತ್ತಾರೆ, ಅಂದ ಕೆಟ್ಟಿತು ಅನ್ನುತ್ತಾರೆ. ಅಂದದ ವಿಷಯದಲ್ಲಿ ನನಗೆ ಅಷ್ಟು ತಕರಾರಿಲ್ಲ, ಸಿದ್ಧ ಮುಂಡಾಸುಗಳಲ್ಲೂ ಒಳ್ಳೆಯವು ಇವೆ. ನನ್ನ ತಕರಾರು ಬೇರೆ. ಕಟ್ಟುವ ಆ ಹೊತ್ತಿನಲ್ಲಿ ಒಂದು ಕೆಲಸ ಆಗುತ್ತಿತ್ತು. ಸುತ್ತು ಏರಿದ ಹಾಗೆ ಮನುಷ್ಯ ಮಾತು ಕಡಿಮೆ ಮಾಡುತ್ತಿದ್ದ. ಮಗನ ಫೀಸು, ತೋಟದ ನೀರು, ನಾಳೆಯ ಬಸ್ಸು ಎಲ್ಲ ಒಂದೊಂದಾಗಿ ನಿಲ್ಲುತ್ತಿತ್ತು. ಕೊನೆಯ ಜರಿ ಬಿಗಿದಾಗ ಎದುರಿಗೆ ಕರ್ಣ ಇರುತ್ತಿದ್ದ. ಈಗ ಆ ಬದಲಾವಣೆ ಅರೆ ನಿಮಿಷದಲ್ಲಿ ಆಗಬೇಕು. ಕೆಲವರಿಗೆ ಆಗುತ್ತದೆ. ಕೆಲವರು ರಂಗಸ್ಥಳಕ್ಕೆ ಬಂದು ಎರಡು ಪದ್ಯ ಕಳೆದ ಮೇಲೂ ಚೌಕಿಯಲ್ಲೇ ಇರುತ್ತಾರೆ.

ಎಲ್ಲರಿಗೂ ಒಂದೇ ಮುಂಡಾಸಲ್ಲ. ಅಭಿಮನ್ಯು, ಬಭ್ರುವಾಹನ ಇಂಥ ಎಳೆ ಪ್ರಾಯದ ವೀರರಿಗೆ ಕೇದಗೆ ಮುಂದಲೆ. ಕೇದಗೆ ಎಸಳಿನ ಹಾಗೆ ಮೇಲೆ ಚೂಪು, ಸಣ್ಣದು, ಹಗುರ. ಅವರಿಗೆ ಕುಣಿತ ಜಾಸ್ತಿ, ಮಂಡಿಯೂರಿ ಸುತ್ತಬೇಕು, ಹಾರಬೇಕು. ದೊಡ್ಡ ಪ್ರಾಯದ, ದೊಡ್ಡ ಗಾಂಭೀರ್ಯದ ವೇಷಗಳಿಗೆ ದೊಡ್ಡ ಮುಂಡಾಸು. ಪರದೆಯ ಹಿಂದಿನಿಂದ ತಲೆಯ ತುದಿ ಕಂಡರೂ ಸಾಕು, ಬರುತ್ತಿರುವುದು ಯಾವ ತರಹದ ಪಾತ್ರ ಅಂತ ಹಳ್ಳಿಯ ಅಜ್ಜಿಗೂ ಗೊತ್ತಾಗುತ್ತದೆ. ಆದರೆ ಕಲಾವಿದನಿಗೆ ಇದು ಬರೀ ಪಾತ್ರದ ಗುರುತಲ್ಲ, ಬಡ್ತಿಯ ಗುರುತೂ ಹೌದು. ಹಿಂದೆ ಮೇಳಕ್ಕೆ ಸೇರಿದ ಹುಡುಗ ಕೋಡಂಗಿಯಿಂದ ಶುರು ಮಾಡಬೇಕು. ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ, ಹೀಗೆ ಮೆಟ್ಟಿಲು ಹತ್ತಿ ಪುಂಡುವೇಷಕ್ಕೆ, ಅಂದರೆ ಆ ಎಳೆ ಪ್ರಾಯದ ವೀರರ ಪಾತ್ರಕ್ಕೆ, ಬರಬೇಕು. ದೊಡ್ಡ ಮುಂಡಾಸು ತಲೆಗೆ ಬರುವಷ್ಟರಲ್ಲಿ ವರ್ಷಗಳೇ ಹೋಗಿರುತ್ತಿದ್ದವು. ಚೌಕಿಯಲ್ಲಿ ಕೂರುವ ಜಾಗವೂ ಹಾಗೆಯೇ, ದರ್ಜೆಯ ಪ್ರಕಾರ. ಯಾರ ಪೆಟ್ಟಿಗೆ ಯಾರ ಪಕ್ಕ ಅನ್ನುವುದು ಸುಮ್ನೆ ಆಗುವುದಲ್ಲ.

ಈಗ ಒಂದು ಮಾತು ಹೇಳುತ್ತೇನೆ, ಯಕ್ಷಗಾನದ ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬೇಡಿ. ‘ಅವರ ಗತ್ತು ನೋಡಬೇಕು ಮಾರಾಯ್ರೆ’ ಅಂತ ನಾವು ಕಲಾವಿದರನ್ನು ಹೊಗಳುತ್ತೇವಲ್ಲ, ಆ ಗತ್ತಿನ ಅರ್ಧ ಪಾಲು ತಲೆಯ ಮೇಲಿನದ್ದು. ದೊಡ್ಡ ಮುಂಡಾಸು ಕಟ್ಟಿದ ಮೇಲೆ ಕುತ್ತಿಗೆ ಬಗ್ಗಿಸಲು ಆಗುವುದಿಲ್ಲ. ಪಕ್ಕಕ್ಕೆ ನೋಡಬೇಕಾದರೆ ತಲೆ ತಿರುಗಿಸುವ ಹಾಗಿಲ್ಲ, ಇಡೀ ಮೈ ತಿರುಗಿಸಬೇಕು. ಕೆಳಗೆ ಬಿದ್ದದ್ದನ್ನು ಎತ್ತಬೇಕಾದರೆ ಬೆನ್ನು ನೆಟ್ಟಗಿಟ್ಟು ಮಂಡಿಯಿಂದ ಕೂರಬೇಕು. ಇಷ್ಟು ಮಾಡಿದರೆ ಯಾರಾದರೂ ಅರಸನ ಹಾಗೆ ಕಾಣುತ್ತಾರೆ! ಅಭ್ಯಾಸಕ್ಕೆ ಬರುವ ಹುಡುಗರಿಗೆ ‘ಗಂಭೀರವಾಗಿ ನಡೆ’ ಅಂತ ನೂರು ಸಲ ಹೇಳಿದರೂ ಬರುವುದಿಲ್ಲ. ತಲೆಗೆ ಭಾರ ಕಟ್ಟಿ, ಹತ್ತು ನಿಮಿಷದಲ್ಲಿ ಬರುತ್ತದೆ. ಅವರಿಗೆ ಬೇರೆ ದಾರಿ ಇರುವುದಿಲ್ಲ.

ಚೌಕಿಯಲ್ಲಿ ಕಾಯುವಾಗ ಮಲಗುವ ಹಾಗಿಲ್ಲ, ಗೋಡೆಗೆ ಒರಗುವ ಹಾಗಿಲ್ಲ. ಚಹಾ ಕುಡಿಯಲು ಲೋಟವೇ ಮೇಲೆ ಬರಬೇಕು, ತಲೆ ಕೆಳಗೆ ಬರುವುದಿಲ್ಲ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಪೆಟ್ಟಿಗೆಯ ಮೇಲೆ ನೆಟ್ಟಗೆ ಕೂತು ಕಣ್ಣು ಮುಚ್ಚಿದ ದುರ್ಯೋಧನನನ್ನು ನೀವು ನೋಡಬೇಕು. ಬಿಚ್ಚಿದ ಮೇಲೆ ಹಣೆಯ ಮೇಲೆ ಬಟ್ಟೆಯ ಅಚ್ಚು ಎಷ್ಟೋ ಹೊತ್ತು ಹಾಗೆಯೇ ಇರುತ್ತದೆ. ಬಸ್ಸಿನಲ್ಲಿ ಬೆಳಿಗ್ಗೆ ಆ ಅಚ್ಚು ಕಂಡರೆ ನಮ್ಮ ಕಡೆಯ ಕಂಡಕ್ಟರ್ ‘ಎಲ್ಲಿ ಆಟ ಇತ್ತು?’ ಅಂತ ಕೇಳುತ್ತಾನೆ.

ತೆಂಕುತಿಟ್ಟಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, ಮುಂಡಾಸಿಗಿಂತ ಕಿರೀಟದ್ದೇ ರಾಜ್ಯ. ಹಗುರ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿದ್ದು. ಚೌಕಿಯ ಪೂಜೆ ಆಗುವಾಗ ಕಿರೀಟವನ್ನೂ ದೇವರ ಜಾಗದಲ್ಲಿಟ್ಟು ಆರತಿ ಮಾಡುತ್ತಾರೆ. ಕಟೀಲಿನಂಥ ದೇವಸ್ಥಾನದ ಮೇಳಗಳಲ್ಲಂತೂ ದೇವಿಯ ಕಿರೀಟ ವೇಷದ ಸಾಮಾನು ಅಲ್ಲವೇ ಅಲ್ಲ. ಅದನ್ನು ಇಡುವ ರೀತಿ ಬೇರೆ, ಮುಟ್ಟುವ ರೀತಿ ಬೇರೆ. ಸಂಜೆ ಅದಕ್ಕೆ ಕೈಮುಗಿದವನೇ ಮಧ್ಯರಾತ್ರಿ ಅದನ್ನು ತಲೆಗೆ ಕಟ್ಟಿಸಿಕೊಳ್ಳಬೇಕು. ಯೋಚನೆ ಮಾಡಿ, ಕೈ ನಡುಗದೆ ಇರುತ್ತದೆಯೇ?

ಆ ದೇವಿಯ ಕಥೆಯಾದ ‘ದೇವಿ ಮಹಾತ್ಮೆ’ ಪ್ರಸಂಗದಲ್ಲಿ ಮಹಿಷಾಸುರ ಬರುವುದು ರಂಗಸ್ಥಳದ ಹಿಂದಿನಿಂದ ಅಲ್ಲ, ಜನರ ಹಿಂದಿನಿಂದ. ದೂರದಲ್ಲಿ ದೊಂದಿ ಹೊತ್ತಿಕೊಳ್ಳುತ್ತದೆ, ಚೆಂಡೆ ಜೋರಾಗುತ್ತದೆ, ನಿದ್ದೆ ಮಾಡುತ್ತಿದ್ದ ಮಕ್ಕಳನ್ನು ತಾಯಂದಿರು ಎಬ್ಬಿಸುತ್ತಾರೆ. ಮುಖ ಕಾಣುವ ಮೊದಲು ಕಾಣುವುದು ಕೋಣನ ಎರಡು ಕೊಂಬು. ಸಾವಿರ ಜನರ ತಲೆಗಳ ಮೇಲೆ ಕೊಂಬು ತೇಲಿಕೊಂಡು ಬರುತ್ತದೆ. ಒಳಗಿರುವ ಕಲಾವಿದನ ಕಷ್ಟವೇ ಬೇರೆ. ಒಬ್ಬರು ಹೇಳಿದ್ದರು, ಅವರ ಗಮನವೆಲ್ಲ ಪಕ್ಕದ ದೊಂದಿ ಕೊಂಬಿಗೆ ತಾಗದಂತೆ, ಕೊಂಬು ಟ್ಯೂಬ್‌ಲೈಟಿನ ವಯರಿಗೆ ಸಿಕ್ಕದಂತೆ ನೋಡಿಕೊಳ್ಳುವುದರಲ್ಲೇ ಇರುತ್ತಿತ್ತಂತೆ. ನಾವು ಬೆಚ್ಚಿಬೀಳುತ್ತಿರುವಾಗ ಮಹಿಷಾಸುರ ವಯರು ನೋಡುತ್ತಿರುತ್ತಾನೆ.

ಇದನ್ನು ತಮಾಷೆಗೆ ಹೇಳಲಿಲ್ಲ. ಎಚ್ಚರ ತಪ್ಪದೆ ಹೊರುವುದು ಅನ್ನುವ ವಿಷಯ ಬಂದರೆ ನಿಮ್ಮ ಊರಿನದೇ ಉದಾಹರಣೆ ಇದೆ. ಬೆಂಗಳೂರು ಕರಗ. ಇಲ್ಲಿನವರಿಗೆ ನಾನು ವಿವರಿಸುವುದು ಅಧಿಕಪ್ರಸಂಗ, ಆದರೂ ನನ್ನ ಮೂರು ಪ್ರಶ್ನೆ ಹಿಡಿದು ನೋಡೋಣ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಹೊರುವವರು ತಿಗಳ ಸಮುದಾಯದ ಅರ್ಚಕರು. ಸೀರೆ ಉಟ್ಟು, ಬಳೆ ತೊಟ್ಟು, ತಾಳಿ ಕಟ್ಟಿಕೊಂಡು ದ್ರೌಪದಿಯ ರೂಪದಲ್ಲಿ ಬರುತ್ತಾರೆ. ತಲೆಯ ಮೇಲೆ ಗೋಪುರದ ಹಾಗೆ ಮಲ್ಲಿಗೆ. ಒಂದು ಕೈಯಲ್ಲಿ ಬಾಕು, ಇನ್ನೊಂದರಲ್ಲಿ ಬೆತ್ತ. ಅಂದರೆ ಎರಡೂ ಕೈಗೆ ಕೆಲಸ ಕೊಟ್ಟಿದ್ದಾರೆ, ತಲೆಯ ಮೇಲಿನದ್ದನ್ನು ಹಿಡಿಯುವ ಹಾಗಿಲ್ಲ. ಸುತ್ತ ‘ಗೋವಿಂದ ಗೋವಿಂದ’ ಅನ್ನುತ್ತಾ ವೀರಕುಮಾರರು ಬಿಚ್ಚುಗತ್ತಿ ಹಿಡಿದು ಬರುತ್ತಾರೆ. ಕರಗ ಜಾರಿದರೆ ಆ ಕತ್ತಿ ಯಾರ ಮೇಲೆ ಅನ್ನುವುದು ಎಲ್ಲರಿಗೂ ಗೊತ್ತಿರುವ ನಂಬಿಕೆ.

ಹೂವಿನ ಒಳಗೆ ಏನಿದೆ? ಅದನ್ನು ಹೇಳುವುದಿಲ್ಲ, ಕೇಳಬಾರದು. ಯಾರು ಹೇಗೆ ತಲೆಗೆ ಇಡುತ್ತಾರೆ? ಅದನ್ನೂ ನಾವು ನೋಡುವ ಹಾಗಿಲ್ಲ. ಗರ್ಭಗುಡಿಯಿಂದ ಹೊರಗೆ ಬರುವಾಗಲೇ ಕರಗ ತಲೆಯ ಮೇಲೆ ಇರುತ್ತದೆ. ತಾಳಿ, ಬಳೆ ಹೆಂಡತಿಯದು. ಉತ್ಸವ ಮುಗಿಯುವವರೆಗೆ ಆಕೆ ಅವನ್ನು ಬಿಟ್ಟುಕೊಟ್ಟು ದೂರ ಇರುತ್ತಾರೆ. ಕರಗದ ಬಗ್ಗೆ ಬರೆಯುವವರು ಹೊತ್ತವರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಈ ಹೆಂಗಸಿನ ಬಗ್ಗೆ ಒಂದು ಸಾಲು. ಗಂಡನ ತಲೆಯ ಮೇಲಿನ ಭಾರದಲ್ಲಿ ಅವರ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ. ಇರಲಿ, ಕರಗ ರಾತ್ರಿಯಿಡೀ ಪೇಟೆಗಳಲ್ಲಿ ಸುತ್ತಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಬೆಳಕು ಹರಿಯುವಾಗ ವಾಪಸ್ ಬರುತ್ತದೆ. ಅಷ್ಟು ಹೊತ್ತೂ ಕುತ್ತಿಗೆಯದ್ದು ಅದೇ ಕಥೆ. ಗಂಟೆಗಟ್ಟಲೆ ನೆಟ್ಟಗೆ.

ಕರಾವಳಿಗೆ ವಾಪಸ್ ಬರುತ್ತೇನೆ, ಯಾಕೆಂದರೆ ಮೂರನೆಯ ಉದಾಹರಣೆ ಸ್ವಲ್ಪ ಖಾರದ್ದು. ಭೂತಕೋಲದ ಅಣಿ. ತೆಂಗಿನ ಎಳೆಗರಿಯ ಸಿರಿ, ಬಣ್ಣ, ಬೆಳ್ಳಿಯ ಒಡವೆ ಎಲ್ಲ ಸೇರಿ ತಲೆಯ ಹಿಂದೆ ದೊಡ್ಡ ಪ್ರಭಾವಳಿಯ ಹಾಗೆ ಏಳುತ್ತದೆ. ತಲೆ ಒಂದಕ್ಕೇ ತಡೆಯುವ ಭಾರ ಅಲ್ಲ ಅದು, ಬೆನ್ನಿಗೂ ಸೇರಿಸಿ ಕಟ್ಟಬೇಕು. ಕಟ್ಟಿಕೊಳ್ಳುವವರು ಪಂಬದ, ಪರವ, ನಲಿಕೆ ಸಮುದಾಯಗಳವರು. ಎಣ್ಣೆ ವೀಳ್ಯ ತೆಗೆದುಕೊಂಡು, ಸ್ನಾನ ಮಾಡಿ, ಮುಖಕ್ಕೆ ಬಣ್ಣ ಬರೆದು, ಗಗ್ಗರ ಕಾಲಿಗೆ ಏರಿಸಿ, ಹೀಗೆ ಒಂದೊಂದೇ ಹಂತ ದಾಟಬೇಕು. ಒಮ್ಮೆಲೇ ಯಾವುದೂ ಆಗುವುದಿಲ್ಲ. ಅಣಿ ಏರಿದ ಮೇಲೆ ಆ ಮನುಷ್ಯನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನರು ಕೈಮುಗಿದು ನಿಲ್ಲುತ್ತಾರೆ. ದೈವ ಅವರನ್ನು ಮುಖಕ್ಕೆ ಮುಖ ಕೊಟ್ಟು ಪ್ರಶ್ನೆ ಕೇಳುತ್ತದೆ, ಕೊಟ್ಟ ಮಾತು ಏನಾಯಿತು ಅನ್ನುತ್ತದೆ, ಅವರು ತಲೆ ತಗ್ಗಿಸಿ ಉತ್ತರ ಹೇಳುತ್ತಾರೆ.

ಬೆಳಿಗ್ಗೆ ಅಣಿ ಬಿಚ್ಚುತ್ತಾರೆ. ಆಮೇಲೆ? ಅದೇ ಮನೆ, ಅದೇ ಅಂಗಳ. ಹಿಂದೆ ಅದೇ ಮನುಷ್ಯ ಅಂಗಳದ ಹೊರಗೆ ನಿಲ್ಲಬೇಕಿತ್ತು. ರಾತ್ರಿ ಪ್ರಶ್ನೆ ಕೇಳಿದವನು ಬೆಳಿಗ್ಗೆ ಧನಿಗಳ ಎದುರು ದನಿ ಎತ್ತುವ ಹಾಗಿರಲಿಲ್ಲ. ಈಗ ಪರಿಸ್ಥಿತಿ ಬದಲಾಗಿದೆ ಅನ್ನುತ್ತಾರೆ. ಬದಲಾಗಿದೆ, ಒಪ್ಪುತ್ತೇನೆ, ಎಲ್ಲ ಕಡೆ ಒಂದೇ ಸಮ ಅಲ್ಲ. ಬಿಚ್ಚುವುದು ಯಾವಾಗ ಅಂತ ನಾನು ಆಗಿನಿಂದ ಕೇಳುತ್ತಿರುವುದು ಇದಕ್ಕೇ. ಕಟ್ಟಿದ್ದರಿಂದ ಏನು ಸಿಕ್ಕಿತು ಅನ್ನುವುದು ಬಿಚ್ಚಿದ ಮೇಲೆ ಗೊತ್ತಾಗುತ್ತದೆ.

ಈಚೆಗೆ ಕೆಲವು ವರ್ಷಗಳಿಂದ ದೈವದ ವೇಷ ಎಲ್ಲ ಕಡೆ ಕಾಣುತ್ತಿದೆ. ಫ್ಯಾನ್ಸಿ ಡ್ರೆಸ್ಸಿನಲ್ಲಿ, ಮೆರವಣಿಗೆಯಲ್ಲಿ, ಮೊಬೈಲಿನ ರೀಲ್ಸಿನಲ್ಲಿ. ಕರಾವಳಿಯ ಜನ ಬೇಡ ಅಂತ ಹೇಳುತ್ತಿದ್ದಾರೆ, ಜಗಳವೂ ಆಗಿದೆ. ‘ಯಕ್ಷಗಾನದ ಕಿರೀಟ ಯಾರು ಬೇಕಾದರೂ ಹಾಕಬಹುದು, ಇದು ಯಾಕೆ ಬೇಡ?’ ಅಂತ ನನ್ನನ್ನೇ ಒಬ್ಬ ಹುಡುಗ ಕೇಳಿದ. ನನ್ನ ಉತ್ತರ ಸರಳ. ಕಿರೀಟ ಕಲಿತು ಹಾಕುವಂಥದ್ದು, ಯಾರು ಕಲಿತರೂ ಅವರದಾಗುತ್ತದೆ. ಅಣಿಯ ಹಿಂದೆ ಕೆಲವು ಕುಟುಂಬಗಳು ತಲೆತಲಾಂತರ ಹೊತ್ತ ಕಟ್ಟುಪಾಡು ಇದೆ, ಉಪವಾಸ ಇದೆ, ಅವಮಾನವೂ ಇದೆ. ಅವಮಾನವನ್ನು ಅವರಿಗೇ ಬಿಟ್ಟು ಅಣಿಯನ್ನು ಮಾತ್ರ ನಾವು ಸಂಜೆಗೆ ಬಾಡಿಗೆಗೆ ತರುವುದು ನನಗೆ ಸರಿ ಕಾಣುವುದಿಲ್ಲ. ನಿಮಗೆ ಬೇರೆ ಅಭಿಪ್ರಾಯ ಇರಬಹುದು, ಆಮೇಲೆ ಜಗಳ ಆಡೋಣ.

ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಇದೆ. ಮುಟ್ಟಾಳೆ. ಅಡಿಕೆ ಹಾಳೆಯ ಟೊಪ್ಪಿ. ಮಲೆನಾಡಿನ ಕಡೆಯವರು ಹಾಳೆ ಟೊಪ್ಪಿ ಅನ್ನುತ್ತೀರಿ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ತಲೆಯ ಮೇಲೆ ನೋಡಿರುತ್ತೀರಿ. ಇದು ಅಲಂಕಾರಕ್ಕೆ ಹುಟ್ಟಿದ್ದೇ ಅಲ್ಲ. ಸೊಪ್ಪಿನ ಹೊರೆ ಹೊರುವಾಗ ಕಡ್ಡಿ ಚುಚ್ಚಬಾರದು, ಮಳೆ ನೀರು ಕಣ್ಣಿಗೆ ಇಳಿಯಬಾರದು, ಅಷ್ಟೇ. ಬಿದ್ದ ಹಾಳೆ, ಖರ್ಚಿಲ್ಲ, ಹರಿದರೆ ಇನ್ನೊಂದು. ದುಡಿಯುವವರ ಟೊಪ್ಪಿ. ಒಳಗೆ ಬರುವವರು ಅದನ್ನು ಹೊರಗೆ ತೆಗೆದಿಟ್ಟು ಬರುತ್ತಿದ್ದರು. ತುಳುನಾಡಿನ ದೈವ ಕೊರಗಜ್ಜನ ಮೂರ್ತಿಯ ತಲೆಯ ಮೇಲೆ ಇರುವುದೂ ಇದೇ.

ಈಗ ತುಳು ಸಮ್ಮೇಳನಕ್ಕೆ ಹೋಗಿ. ಬಂದ ಅತಿಥಿಗಳಿಗೆಲ್ಲ ಮುಟ್ಟಾಳೆ ತೊಡಿಸುತ್ತಾರೆ. ಮಂತ್ರಿಗೆ, ಸಿನಿಮಾ ನಟರಿಗೆ, ಮುಂಬೈಯಿಂದ ಬಂದ ಹೋಟೆಲ್ ಮಾಲೀಕರಿಗೆ. ಕೆಲವಕ್ಕೆ ಅಂಚಿಗೆ ಬಣ್ಣ ಬೇರೆ. ಇದನ್ನು ನೋಡಿ ನಗುವವರಿದ್ದಾರೆ, ನಾನು ನಗುವುದಿಲ್ಲ. ಹೊರಗೆ ತೆಗೆದಿಡುತ್ತಿದ್ದದ್ದು ವೇದಿಕೆಗೆ ಬಂತಲ್ಲ, ಅದು ಸಣ್ಣ ಸಂಗತಿ ಅಲ್ಲ. ಅದನ್ನು ಇವತ್ತಿಗೂ ಹೊತ್ತು ದುಡಿಯುವವರು ವೇದಿಕೆಗೆ ಎಷ್ಟು ಬಂದಿದ್ದಾರೆ ಅನ್ನುವುದು ಬೇರೆ ಲೆಕ್ಕ.

ವೇದಿಕೆ ಅಂದ ಕೂಡಲೇ ಮೈಸೂರು ಪೇಟ ನೆನಪಾಗಲೇಬೇಕು. ಅರಮನೆಯ ದರ್ಬಾರಿಗೆ ಹೋಗುವವರಿಗೆ ದರ್ಬಾರು ಉಡುಪು ಕಡ್ಡಾಯ ಇತ್ತು. ಕಪ್ಪು ಉದ್ದ ಕೋಟು, ತಲೆಗೆ ಸರಿಗೆಯ ಪೇಟ. ಬರಿದಲೆಯಲ್ಲಿ ದೊರೆಯ ಮುಂದೆ ಹೋಗುವ ಹಾಗಿರಲಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರನ್ನು ನೆನಪಿಸಿಕೊಳ್ಳಿ. ಪೇಟ ಇಲ್ಲದ ಅವರ ಮುಖ ನಿಮ್ಮ ಕಣ್ಣಿಗೆ ಬರುತ್ತದೆಯೇ? ಬರುವುದಿಲ್ಲ. ಪ್ರತಿಮೆಯಲ್ಲೂ ಪೇಟ, ಕ್ಯಾಲೆಂಡರಿನಲ್ಲೂ ಪೇಟ. ಸೆಪ್ಟೆಂಬರ್ 15 ಬಂದರೆ ಶಾಲೆಗಳಲ್ಲಿ ಪೇಟ, ಕನ್ನಡಕ, ಕೋಟು ಹಾಕಿದ ಪುಟ್ಟ ಎಂ.ವಿ.ಗಳ ಸಾಲು. ದಿನದಿನವೂ ನೆಟ್ಟಗೆ ಪೇಟ ಇಟ್ಟು ಕೆಲಸಕ್ಕೆ ಹೋಗುತ್ತಿದ್ದ ಮನುಷ್ಯನಿಗೆ ಅದು ಒಂದು ಶಿಸ್ತು. ಸನ್ಮಾನ ಅಲ್ಲ, ನಿತ್ಯದ ಉಡುಪು.

ಈಗಿನ ಪೇಟ ಸನ್ಮಾನದ್ದು. ಶಾಲು, ಹಾರ, ಹಣ್ಣಿನ ಬುಟ್ಟಿ, ಪೇಟ. ಸಿದ್ಧವಾಗಿ ಬರುತ್ತದೆ, ಅಳತೆ ಯಾರೂ ಕೇಳುವುದಿಲ್ಲ. ದೊಡ್ಡದಾದರೆ ಕಿವಿಯ ಮೇಲೆ ಕೂರುತ್ತದೆ, ಸಣ್ಣದಾದರೆ ನೆತ್ತಿಯ ಮೇಲೆ ತೂಗುತ್ತದೆ. ಇಡುವವರು ಇನ್ಯಾರೋ, ಅವರ ಕಣ್ಣು ಕ್ಯಾಮೆರಾ ಮೇಲೆ. ಫೋಟೋ ಆಯಿತೋ, ತೊಟ್ಟವರೇ ಮೆಲ್ಲಗೆ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳುತ್ತಾರೆ. ಇವತ್ತು ಇವರು ನನಗೂ ಒಂದು ತಂದಿಟ್ಟಿದ್ದಾರೆ, ಅಲ್ಲಿ ಕಾಣುತ್ತಿದೆ, ದಯವಿಟ್ಟು ಬೇಡ. ನನ್ನ ಮೂರು ಪ್ರಶ್ನೆ ಇಲ್ಲಿ ಹಾಕಿದರೆ ಮೂರನೆಯದಕ್ಕೆ ಉತ್ತರವೇ ಸಿಗುವುದಿಲ್ಲ. ಪೇಟ ಇಟ್ಟ ಮೇಲೆ ಏನು ಮಾಡುವ ಹಾಗಿಲ್ಲ? ಎಲ್ಲವನ್ನೂ ಮಾಡಬಹುದು. ಭಾರ ಹೋದ ಮೇಲೆ ಉಳಿದದ್ದು ಬರೀ ಅಲಂಕಾರ.

ಬಾಸಿಂಗದ ಕಥೆ ಇಷ್ಟು ಕೆಟ್ಟಿಲ್ಲ. ಮದುವೆಯಲ್ಲಿ ಹೆಣ್ಣು ಗಂಡು ಇಬ್ಬರಿಗೂ ಕಟ್ಟುತ್ತಾರಲ್ಲ, ಹಣೆಗೆ. ಉತ್ತರ ಕರ್ನಾಟಕದಲ್ಲಿ ಬಾಸಿಂಗ ಇಲ್ಲದ ಮದುವೆ ಮದುವೆಯೇ ಅಲ್ಲ ಅನ್ನುವವರಿದ್ದಾರೆ. ಹಳೆಯ ಕಾಲದ್ದು ಬೆಂಡಿನದು. ಕೆರೆಯ ಜೌಗಿನಲ್ಲಿ ಬೆಳೆಯುವ ಗಿಡದ ಕಾಂಡದ ಬಿಳಿ ತಿರುಳು ಅದು. ತೂಕವೇ ಇಲ್ಲ. ತೆಳ್ಳಗೆ ಕೊಯ್ದು, ಹೂ ಮಾಡಿ, ಬಣ್ಣದ ಕಾಗದ, ಮಣಿ, ಜರಿ ಸೇರಿಸುತ್ತಾರೆ. ಇಲ್ಲಿ ಭಾರದ ಮಾತೇ ಇಲ್ಲ, ಕೈಯಲ್ಲಿ ಹಿಡಿದರೆ ಉಫ್ ಅಂದರೆ ಹಾರಿಹೋಗುವಂಥದ್ದು. ಆದರೆ ಇಳಿಬಿದ್ದ ಮಣಿಸರ ಕಣ್ಣಿಗೆ ಅಡ್ಡ ಬರುತ್ತದೆ, ದಾರ ಕಿವಿಯ ಹಿಂದೆ ಕೊರೆಯುತ್ತದೆ, ಹೋಮದ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳಲು ಹೋದರೆ ಸೋದರತ್ತೆ ಕೈಗೆ ಹೊಡೆಯುತ್ತಾರೆ. ಅಷ್ಟು ಹಗುರದ್ದನ್ನು ಬೀಳದ ಹಾಗೆ ಕಾಯುವುದೇ ಕೆಲಸ. ಕಟ್ಟುವವರು ಮನೆಯವರೇ, ನಮ್ಮದೇ ರಕ್ತಸಂಬಂಧ, ಬಿಚ್ಚುವುದಕ್ಕೂ ಒಂದು ಹೊತ್ತು ಇದೆ. ಆಮೇಲೆ ಎಸೆಯುವುದಿಲ್ಲ, ದೇವರ ಮನೆಯಲ್ಲೋ ಜಂತೆಯಲ್ಲೋ ಸಿಕ್ಕಿಸಿಡುತ್ತಾರೆ. ಈಗ ಮುತ್ತಿನ ಬಾಸಿಂಗ ಬಾಡಿಗೆಗೂ ಸಿಗುತ್ತದೆ. ನಾಳೆ ಬೆಳಿಗ್ಗೆ ಅದು ಬೇರೆಯವರ ಹಣೆಗೆ ಹೋಗಬೇಕು. ಅದನ್ನು ಜಂತೆಗೆ ಸಿಕ್ಕಿಸುವ ಹಾಗಿಲ್ಲ, ಅಂಗಡಿಯವರು ಡಿಪಾಸಿಟ್ ಹಿಡಿದಿರುತ್ತಾರೆ!

ಬೆಂಡಿನ ಮಾತು ಬಂತಲ್ಲ, ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ತುರಾಯಿಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಂಕೋಲಾ, ಕುಮಟಾ ಕಡೆ ಹೋಳಿ ಹುಣ್ಣಿಮೆಯ ಹೊತ್ತಿಗೆ ಸುಗ್ಗಿ ಕುಣಿತ. ಕುಣಿಯುವವರನ್ನು ಸುಗ್ಗಿ ಮಕ್ಕಳು ಅನ್ನುತ್ತಾರೆ, ನಡು ವಯಸ್ಸಿನ ಗಂಡಸಾದರೂ ಅವತ್ತು ಮಗುವೇ. ತಲೆಯ ಮೇಲೆ ಬೆಂಡಿನ ಹೂಗಳ ಗುಡ್ಡ, ಮೇಲೆ ಬೆಂಡಿನದೇ ಹಕ್ಕಿಗಳು. ಇಪ್ಪತ್ತು ಜನ ಒಟ್ಟಿಗೆ ಸುತ್ತು ಹೊಡೆದಾಗ ಹಕ್ಕಿಗಳೂ ಸುತ್ತುತ್ತವೆ. ಇದರ ಬಗ್ಗೆಯೇ ಒಂದು ಸಂಜೆ ಮಾತಾಡಬಹುದು, ಅವರೇ ಬಂದು ಮಾತಾಡಿದರೆ ಇನ್ನೂ ಒಳ್ಳೆಯದು. ಲಂಬಾಣಿ ಹೆಂಗಸರ ಕೂದಲಿಗೆ ಕಟ್ಟಿದ ಬೆಳ್ಳಿಯ ಟೋಪ್ಲಿ, ಕೊಡವರ ಪೇಟ ಮಂಡೆ ತುಣಿ, ಇವನ್ನೂ ಇವತ್ತು ಬಿಟ್ಟಿದ್ದೇನೆ. ಸಮಯ ಇಲ್ಲ.

ಒಂದು ಮಾತು ಮಾತ್ರ ಉಳಿದಿದೆ. ಆಗಿನಿಂದ ಗಮನಿಸಿದ್ದೀರೋ ಇಲ್ಲವೋ, ಭಾರದ್ದೆಲ್ಲ ಗಂಡಸರ ತಲೆಯ ಮೇಲೆ. ಯಕ್ಷಗಾನದಲ್ಲಿ ದೇವಿಯೂ ಗಂಡಸೇ, ಕರಗದ ದ್ರೌಪದಿಯೂ ಗಂಡಸೇ. ಈಗ ಮಹಿಳೆಯರ ಯಕ್ಷಗಾನ ತಂಡಗಳು ಊರೂರಲ್ಲಿ ಇವೆ, ಬೆಂಗಳೂರಿನಲ್ಲೂ ಇವೆ, ಇಲ್ಲೇ ಕೆಲವರು ಕೂತಿದ್ದೀರಿ. ಅವರ ಕಷ್ಟ ಬೇರೆ. ಕಿರೀಟ ಮಾಡುವವರು ಗಂಡಸಿನ ತಲೆಯ ಅಳತೆಗೆ ಮಾಡಿಟ್ಟಿರುತ್ತಾರೆ. ಉದ್ದ ಕೂದಲನ್ನು ಹಿಂದೆ ಗಂಟು ಹಾಕಿದರೆ ಕಿರೀಟ ಮುಂದಕ್ಕೆ ಬಾಗುತ್ತದೆ, ನೆತ್ತಿಗೆ ಸುತ್ತಿದರೆ ಮೇಲೆ ನಿಲ್ಲುತ್ತದೆ. ಒಬ್ಬ ಹುಡುಗಿ ಮಾತ್ರ ಕೂದಲನ್ನು ಎರಡು ಭಾಗ ಮಾಡಿ, ತಲೆಯ ಸುತ್ತ ಸಿಂಬಿಯ ಹಾಗೆ ಹೆಣೆದು, ಅದರ ಮೇಲೆ ಬಟ್ಟೆ ಬಿಗಿದು ಕಿರೀಟ ಕೂರಿಸುತ್ತಾಳೆ. ಗಂಡಸರು ಒಳಗೆ ಬಟ್ಟೆ ತುರುಕಿ ಮಾಡುವ ಕೆಲಸವನ್ನು ಅವಳ ಕೂದಲೇ ಮಾಡುತ್ತದೆ. ಅವಳ ಮಹಿಷಾಸುರನ ಕಿರೀಟ ಅಲ್ಲಾಡಿದ್ದನ್ನು ನಾನು ನೋಡಿಲ್ಲ. ಅವಳಿಗೆ ಕಟ್ಟುವುದು ಅವಳ ಅತ್ತೆ, ಅವರಿಗೆ ಕಟ್ಟುವುದು ಇವಳು.

ಹಿಂದಿನ ಮೇಜಿನ ಮೇಲೆ ಒಂದು ತೆಂಕಿನ ಕಿರೀಟ, ಒಂದು ಕೇದಗೆ ಮುಂದಲೆ, ಬೆಂಡಿನ ಬಾಸಿಂಗ, ಎರಡು ಮುಟ್ಟಾಳೆ ಇಟ್ಟಿದ್ದೇವೆ. ನೋಡಿ, ಕೈಯಲ್ಲಿ ಎತ್ತಿ ನೋಡಿ. ಕಿರೀಟ ಕಟ್ಟಿಸಿಕೊಳ್ಳಬೇಕು ಅನ್ನುವವರು ನನ್ನ ಹತ್ತಿರ ಬನ್ನಿ, ಕಟ್ಟುತ್ತೇನೆ, ಆದರೆ ಕಟ್ಟಿದ ಮೇಲೆ ಕಾಲು ಗಂಟೆ ಕೂರಬೇಕು, ಸೆಲ್ಫಿ ತೆಗೆದು ಓಡಿಹೋಗುವ ಹಾಗಿಲ್ಲ. ಬಾಸಿಂಗವನ್ನು ಫ್ಯಾನಿನ ಕೆಳಗೆ ತರಬೇಡಿ. ಪ್ರಶ್ನೆಗಳಿದ್ದರೆ ಈಗ ಕೇಳಿ.